ಗುಡಿಗಿಂತ ಗೋಪುರ ದೊಡ್ಡದಾದಾಗ



ಹಾಡಿನ ಮೂಲಕ ಕಥೆ ಹೇಳುವ ಯುರೋಪಿನ ರಂಗಪ್ರಕಾರವೇ ಒಪೆರಾ. ತೆರೆ ಏಳುವ ಮುನ್ನ ವಾದ್ಯವೃಂದವೊಂದೇ ನುಡಿಸುವ ಪೀಠಿಕೆಗೆ ‘ಓವರ್ಚರ್’ ಎಂದು ಹೆಸರು. ಈ ಪೀಠಿಕೆಯು ಮುಂದಿನ ನಾಟಕವನ್ನೇ ಮೀರಿಸಿದರೆ ಅದು ಗುಣವೋ, ದೋಷವೋ? ಇಂದು ನಿಮ್ಮ ಮುಂದಿಡುವ ಪ್ರಶ್ನೆ ಇದು.

ಮೀರಿಸಿದ ಉದಾಹರಣೆಗಳಿಗೆ ಬರವಿಲ್ಲ. ವಿಯೆನ್ನಾದ ಸುಪ್ಪೆ 1866ರಲ್ಲಿ ರಚಿಸಿದ ‘ಲೈಟ್ ಕ್ಯಾವಲ್ರಿ’ಯ ಪೀಠಿಕೆಯನ್ನು ಇಂದಿಗೂ ಬ್ಯಾಂಡುಗಳು ನುಡಿಸುತ್ತವೆ, ನಾಟಕವನ್ನು ಆಡುವವರು ಮಾತ್ರ ವಿರಳ. ರೊಸ್ಸೀನಿಯದು ಇನ್ನೊಂದು ಬಗೆ. 1816ರ ಅವನ ‘ಬಾರ್ಬರ್ ಆಫ್ ಸೆವಿಲ್’ ನಗೆನಾಟಕ. ಆದರೆ ಅದರ ಲವಲವಿಕೆಯ ಪೀಠಿಕೆ, ಅವನೇ 1813 ಮತ್ತು 1815ರ ಎರಡು ಗಂಭೀರ ಒಪೆರಾಗಳಿಗೆ ಬಳಸಿದ್ದ ಸರಕು! ಪೀಠಿಕೆಯೂ ಸೊಗಸು, ನಾಟಕವೂ ಸೊಗಸು. ಒಂದಕ್ಕೊಂದು ನಂಟಿಲ್ಲ, ಅಷ್ಟೆ.

ನಂಟು ಅತಿಯಾದರೆ ಏನಾಗುತ್ತದೆ? ಬೀಥೋವನ್ ಬರೆದದ್ದು ಒಂದೇ ಒಪೆರಾ, ‘ಫಿಡೆಲಿಯೊ’. ಅನ್ಯಾಯವಾಗಿ ಸೆರೆಯಲ್ಲಿರುವ ಗಂಡನನ್ನು ಬಿಡಿಸಲು ಲಿಯೊನೋರೆ ಗಂಡುವೇಷ ಧರಿಸಿ ಸೆರೆಮನೆಯಲ್ಲಿ ಕೆಲಸಕ್ಕೆ ಸೇರುವ ಕಥೆ ಅದು. ಈ ಒಂದು ಒಪೆರಾಕ್ಕೆ ಅವನು ನಾಲ್ಕು ಪೀಠಿಕೆಗಳನ್ನು ಬರೆದ. 1806ರಲ್ಲಿ ನುಡಿಸಿದ ‘ಲಿಯೊನೋರೆ ಮೂರು’ ಅವುಗಳಲ್ಲೆಲ್ಲ ಭವ್ಯವಾದುದು. ಕತ್ತಲ ನೆಲಮಾಳಿಗೆಗೆ ಇಳಿಯುವಂಥ ಆರಂಭ, ಸೆರೆಯಾಳಿನ ಹಾಡಿನ ನೆನಪು, ದೂರದಿಂದ ಕೇಳುವ ಬಿಡುಗಡೆಯ ತುತ್ತೂರಿ, ಕೊನೆಗೆ ಉಕ್ಕುವ ಆನಂದ. ಹದಿನಾಲ್ಕು ನಿಮಿಷ ಕಳೆಯುವುದರೊಳಗೆ ಕಥೆಯೆಲ್ಲ ಮುಗಿದೇಹೋಯಿತು! ಆಮೇಲೆ ತೆರೆ ಎದ್ದರೆ ಕಾಣುವುದು ಸೆರೆಮನೆಯ ಕಾವಲುಗಾರನ ಮಗಳ ಪ್ರೇಮದ ಹಗುರ ಪ್ರಸಂಗ. ಬಿರುಗಾಳಿಯ ನಂತರ ಬೀಸಣಿಗೆ ಬೀಸಿದಂತೆ.

1814ರಲ್ಲಿ ಒಪೆರಾವನ್ನು ತಿದ್ದಿದಾಗ ಬೀಥೋವನ್ ಅದನ್ನು ಬದಿಗಿಟ್ಟು ಚಿಕ್ಕದಾದ, ಚುರುಕಾದ ಹೊಸ ಪೀಠಿಕೆ ಬರೆದ. ಮೊದಲ ಪ್ರದರ್ಶನಕ್ಕೆ ಅದು ಸಿದ್ಧವಾಗಲಿಲ್ಲ, ಎರಡನೆಯದರಲ್ಲಿ ಕೇಳಿಬಂತು. ಕಥೆಯ ಗುಟ್ಟನ್ನು ಅದು ಬಿಡುವುದಿಲ್ಲ. ಸಂಗೀತವಾಗಿ ‘ಲಿಯೊನೋರೆ ಮೂರು’ ಹಿರಿದೆಂಬುದರಲ್ಲಿ ಸಂಶಯವಿಲ್ಲ. ಪೀಠಿಕೆಯಾಗಿ ಮಾತ್ರ ಚಿಕ್ಕದೇ ಹೆಚ್ಚು ಸಮರ್ಪಕ. ಹಿರಿಯದನ್ನು ಕಳೆದುಕೊಳ್ಳಲು ಮನಸ್ಸಾಗದೆ, ಮುಂದೆ ವಿಯೆನ್ನಾದಲ್ಲಿ ಮಾಹ್ಲರ್ ಅದನ್ನು ಕೊನೆಯ ದೃಶ್ಯಕ್ಕೆ ಮೊದಲು ನುಡಿಸಿದ. ಆದರೆ ಅಷ್ಟು ಹೊತ್ತಿಗೆ ತುತ್ತೂರಿ ರಂಗದ ಮೇಲೆ ಮೊಳಗಿ ಆಗಿರುತ್ತದೆ. ಕೇಳಿದ ಕಥೆಯನ್ನೇ ಮತ್ತೆ ಕೇಳಿದಂತೆ.

ಆದ್ದರಿಂದ ಪೀಠಿಕೆಯನ್ನು ಎರಡು ತಕ್ಕಡಿಗಳಲ್ಲಿ ತೂಗಬೇಕು: ತನ್ನಷ್ಟಕ್ಕೆ ಅದು ಎಂಥದು, ಮುಂದೆ ಬರುವುದಕ್ಕೆ ಎಷ್ಟು ಎಡೆ ಬಿಡುತ್ತದೆ. ತಾನೇ ಬರೆದ ಶ್ರೇಷ್ಠ ಕೃತಿಯನ್ನು ನಾಟಕದ ಬಾಗಿಲಿನಿಂದ ಸರಿಸಿಡಲು ಬೀಥೋವನ್ನನಿಗೆ ಧೈರ್ಯವಿತ್ತು. ಅವಕಾಶ ಒದಗಿದಾಗ ಎರಡನ್ನೂ ಕೇಳಿ ನೋಡಿ.