18 ಲಕ್ಷದ ಹಳೇ ಬೆಂಜ್ ನೋಡೋಕೆ ಹೋದಾಗ

ಪುಣೆಯ ಈ ಮಳೆಯಲ್ಲಿ ಛಾವಣಿ ಮಡಚೋ ಕಾರಿನ ಬಗ್ಗೆ ಮಾತಾಡೋಕೆ ಬಂದಿದ್ದಾನಲ್ಲ ಅಂತ ನಗಬೇಡಿ. ನಾನು ಹಿಂಜೇವಾಡಿಯಲ್ಲಿ ಕೋಡ್ ಬರೆಯೋನು. ಊರು ಧಾರವಾಡ. ಅಪ್ಪ ವಾಯವ್ಯ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು.

ಜನವರಿಯಲ್ಲಿ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. 1994ರ ಮರ್ಸಿಡಿಸ್ ಎಸ್‌ಎಲ್ 320, ಕಡುನೀಲಿ ಬಣ್ಣ, ಮಾರಾಟಕ್ಕಿದೆ, 18 ಲಕ್ಷ. ಮಾರುವವರು ಕೋರೆಗಾಂವ್ ಪಾರ್ಕಿನ ಹಿರಿಯರು. ಇಂಗ್ಲೆಂಡಿನಲ್ಲಿ ಕೆಲಸ ಮುಗಿಸಿ 1997ರಲ್ಲಿ ವಾಪಸ್ ಬರುವಾಗ ಕಾರನ್ನೂ ಜೊತೆಗೆ ತಂದವರು. ಈಗ ಮೊಣಕಾಲು ನೋವು, ಇಷ್ಟು ತಗ್ಗಿನ ಸೀಟಿನಿಂದ ಏಳೋಕಾಗಲ್ಲ.

ನನ್ನ ಖಾತೆಯಲ್ಲಿ ಆಗ 19 ಲಕ್ಷ ಇತ್ತು. ಧಾರವಾಡದ ಮನೆಯ ಹಳೇ ಮಾಳಿಗೆ ತೆಗೆಸಿ, ಗೋಡೆ ಸರಿಮಾಡಿ, ಆರ್‌ಸಿಸಿ ಹಾಕಿಸೋಕೆ ನಾಲ್ಕು ವರ್ಷದಿಂದ ಕೂಡಿಟ್ಟ ದುಡ್ಡು. ಹೆಂಡತಿಗೆ ಫೋಟೊ ತೋರಿಸಿದೆ. "ತಗೋಬೇಡಿ ಅನ್ನಲ್ಲ ರೀ. ಆದ್ರೆ ಮಾವನವರಿಗೆ ನೀವೇ ಹೇಳಬೇಕು" ಅಂದಳು.

ಯಾಕೆ ಇಷ್ಟು ಹುಚ್ಚು ಅಂತ ಹೇಳ್ತೀನಿ ಕೇಳಿ. ಈ ಮಾಡೆಲ್ಲಿಗೆ ಆರ್129 ಅಂತ ಹೆಸರು. 1989ರಲ್ಲಿ ಜಿನೀವಾ ಮೋಟಾರ್ ಷೋನಲ್ಲಿ ಬಂತು, 2001ರವರೆಗೆ ತಯಾರಾಯ್ತು, ಎರಡು ಲಕ್ಷಕ್ಕೂ ಹೆಚ್ಚು ಕಾರು. ವಿನ್ಯಾಸದ ಮುಖ್ಯಸ್ಥ ಬ್ರೂನೋ ಸಾಕ್ಕೋ. ಒಂದೇ ಸ್ವಿಚ್ ಒತ್ತಿ ಹಿಡಿದರೆ ಕಿಟಕಿಗಳು ಇಳಿದು, ಹಿಂದಿನ ಮುಚ್ಚಳ ತೆರೆದು, ಬಟ್ಟೆಯ ಛಾವಣಿ ಮಡಚಿಕೊಂಡು ಒಳಗೆ ಹೋಗುತ್ತೆ. ಸುಮಾರು 30 ಸೆಕೆಂಡ್. ಸೀಟಿನ ಹಿಂದೆ ಒಂದು ರೋಲ್‌ಬಾರ್ ಮಲಗಿರುತ್ತೆ. ಕಾರು ಮಗುಚುತ್ತೆ ಅಂತ ಸೆನ್ಸರಿಗೆ ಗೊತ್ತಾದರೆ 0.3 ಸೆಕೆಂಡಿನಲ್ಲಿ ತಾನೇ ಎದ್ದು ನಿಲ್ಲುತ್ತೆ. 1989ರಲ್ಲಿ! ಆಗ ನಮ್ಮ ಓಣಿಯಲ್ಲಿ ಒಂದೇ ಒಂದು ಲ್ಯಾಂಡ್‌ಲೈನ್ ಇತ್ತಂತೆ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋಟೊ ತೋರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಛತ್ತ ಇಲ್ಲದ ಗಾಡಿಗೆ ಹದಿನೆಂಟ ಲಕ್ಷ ಏನಲೇ? ಇಲ್ಲಿ ಮನೀ ಮಾಳಿಗಿ ಸೋರಾಕತ್ತೈತಿ!" ಅಂದ್ರು. ಬೈದು ಫೋನ್ ಇಡ್ತಾರೆ ಅಂದ್ಕೊಂಡೆ. ಇಡಲಿಲ್ಲ. ಮೆಕ್ಯಾನಿಕ್ ಅಲ್ವಾ. "ಹೋಗಂತೂ ಹೋಗ್ತಿ. ಎಂಜಿನ್ ಸಪ್ಪಳ ಆಮ್ಯಾಲ ಕೇಳು. ಮೊದಲ ಕಾಗದ ನೋಡು, ಆಮ್ಯಾಲ ವಾಯರ್ ನೋಡು" ಅಂದ್ರು.

ಭಾನುವಾರ ಹೋದೆ. ಕಾಗದ ಮೊದಲು ಅಂದದ್ದು ಎಷ್ಟು ಸರಿ ಅಂತ ಅಲ್ಲಿ ಗೊತ್ತಾಯ್ತು. ವಿದೇಶದಿಂದ ಬಂದ ಕಾರಿಗೆ ಆರ್‌ಸಿ ಒಂದೇ ಸಾಲದು, ಕಸ್ಟಮ್ಸ್ ಸುಂಕ ಕಟ್ಟಿದ ದಾಖಲೆ, ಬಿಲ್ ಆಫ್ ಎಂಟ್ರಿ, ಬೇಕು. 2025ರ ಸೆಪ್ಟೆಂಬರಿನಲ್ಲಿ ಭೂತಾನ್ ಕಡೆಯಿಂದ ಬಂದ ಕಾರುಗಳಿಗಾಗಿ ಕೇರಳದಲ್ಲಿ ಕಸ್ಟಮ್ಸ್‌ನವರು ದಾಳಿ ಮಾಡಿದ್ದು ನೆನಪಿರಬೇಕಲ್ಲ? ಗಾಡಿ ಜಪ್ತಿ ಆದ್ರೆ ಕೈ ಸುಟ್ಟುಕೊಳ್ಳೋದು ಅದು ಆಗ ಯಾರ ಮನೇಲಿದೆಯೋ ಅವರೇ. ಇವರ ಫೈಲು ಮಾತ್ರ ಪಕ್ಕಾ, ಒಂದು ಹಾಳೆಯೂ ಕಮ್ಮಿ ಇಲ್ಲ.

ಇನ್ನೊಂದು ಲೆಕ್ಕ ನಾನು ಹಾಕಿರಲೇ ಇಲ್ಲ. ನಾವೆಲ್ಲ ಇದನ್ನ ಕ್ಲಾಸಿಕ್ ಅಂತೀವಿ, ಸರ್ಕಾರ ಅನ್ನಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ರೆ ಮಾತ್ರ ವಿಂಟೇಜ್. ಅಂಥದ್ದಕ್ಕೆ ಹೊಸ ನೋಂದಣಿ ಶುಲ್ಕ 20,000. ಈ ಕಾರು ಅಲ್ಲಿಗೆ ಮುಟ್ಟೋದು 2044ಕ್ಕೆ. ಅಲ್ಲಿವರೆಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 20 ವರ್ಷ ದಾಟಿದ ಆಮದು ಕಾರಿಗೆ 2025ರ ಆಗಸ್ಟಿನಿಂದ ಅದರ ಶುಲ್ಕ 80,000. ಇದರದ್ದು ಮುಂದಿನ ವರ್ಷವೇ ಬರ್ತಿತ್ತು. ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ಇರೋರಿಗೆ 15 ವರ್ಷ ದಾಟಿದ ಪೆಟ್ರೋಲ್ ಗಾಡಿಯ ಪಾಡು ಬೇರೆ ಹೇಳಬೇಕಿಲ್ಲ.

ಟೈರು ಹೊಳೀತಿತ್ತು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. 2211 ಅಂತಿತ್ತು. ಅಂದ್ರೆ 2011ರ ಟೈರು. ಸವೆದಿಲ್ಲ, ಆದ್ರೆ ರಬ್ಬರು ಕಲ್ಲಾಗಿದೆ.

ಬಾನೆಟ್ ಎತ್ತಿಸಿದೆ. 90ರ ದಶಕದ ಮೊದಲರ್ಧದ ಈ ಎಂಜಿನ್ನುಗಳ ವೈರಿಂಗಿನ ಕತೆ ಹಳೇ ಕಾರಿನವರಿಗೆಲ್ಲ ಗೊತ್ತು. ಪರಿಸರಕ್ಕೆ ಒಳ್ಳೇದು ಅಂತ ಬಳಸಿದ ಹೊದಿಕೆ, ಬಿಸಿಗೆ ವರ್ಷಗಳ ಮೇಲೆ ಪುಡಿಯಾಗುತ್ತೆ. ತಂತಿಗೆ ತಂತಿ ತಾಗಿದ್ರೆ ದುಬಾರಿ ಕಂಟ್ರೋಲ್ ಯೂನಿಟ್ಟೂ ಹೋಗಬಹುದು. ಬದಲಾಯಿಸಿದ ಹಾರ್ನೆಸ್ ಆದರೆ ಅದರ ಚೀಟಿಯಲ್ಲಿ ತಾರೀಕು ಇರುತ್ತೆ. ಇದರಲ್ಲಿ ಚೀಟಿಯೇ ಕಾಣಲಿಲ್ಲ. ಯಾವುದೋ ಗ್ಯಾರೇಜಿನವರು ಉದ್ದಕ್ಕೂ ಕಪ್ಪು ಟೇಪ್ ಸುತ್ತಿದ್ದರು, ಹೊಸ ಟೇಪು. ಅವರ ಅಪ್ಪಣೆ ಕೇಳಿ ಒಂದು ಗೇಣು ಬಿಚ್ಚಿದೆ. ಒಳಗಿನ ಹೊದಿಕೆ ಹಪ್ಪಳದ ಹಾಗೆ ಮುರೀತು.

ಶುಕ್ರವಾರ ಸಂಜೆ ನಾವೂ ಹೀಗೆ ಟೇಪ್ ಸುತ್ತೇ ರಿಲೀಸ್ ಮಾಡ್ತೀವಿ. ಅದಕ್ಕೇ ಗುರುತು ಸಿಕ್ಕಿತೋ ಏನೋ.

ಆ ಹಿರಿಯರ ಮುಖ ನೋಡೋಕಾಗಲಿಲ್ಲ. "ಹೊಸದು ಹಾಕಿದ್ದೀವಿ ಅಂತ ಬಿಲ್ ಕೊಟ್ಟಿದ್ದಾರೆ" ಅಂತ ಹಿಂದಿಯಲ್ಲಿ ಮೆಲ್ಲಗೆ ಹೇಳಿ, ಅದೇ ಫೈಲಿನಿಂದ ಬಿಲ್ ತೆಗೆದು ತೋರಿಸಿದ್ರು. ಬಾಯ್ಮುಚ್ಚಿಕೊಂಡು ಚೌಕಾಸಿ ಮಾಡಿದ್ದಿದ್ರೆ 15ಕ್ಕೆ ಕೊಡ್ತಿದ್ರೇನೋ. ಆ ಆಸೆ ಬಂದಿತ್ತು, ಸುಳ್ಳು ಹೇಳಲ್ಲ. "ಹಾರ್ನೆಸ್ ಬದಲಾಯಿಸೋವರೆಗೆ ಸ್ಟಾರ್ಟ್ ಮಾಡಬೇಡಿ ಸರ್, ಬ್ಯಾಟರಿ ತೆಗೆದಿಡಿ" ಅಂತ ಹೇಳಿ ಬಂದೆ. ಜರ್ಮನಿಯಿಂದ ಹೊಸ ಹಾರ್ನೆಸ್ ತರಿಸೋಕೆ ಆರ್ಡರ್ ಮಾಡಿಕೊಟ್ಟೆ. ಸುಂಕ, ಕೊರಿಯರ್ ಎಲ್ಲ ಸೇರಿ ಲಕ್ಷ ದಾಟಿತು. ದುಡ್ಡು ಅವರದ್ದೇ.

ಫೆಬ್ರವರಿಯಲ್ಲಿ ಧಾರವಾಡದ ಮೇಸ್ತ್ರಿಗೆ ಮುಂಗಡ ಕಳಿಸಿದೆ. ಟ್ರಾನ್ಸ್‌ಫರ್ ಒತ್ತುವಾಗ ಕೈ ಒಂದು ನಿಮಿಷ ನಿಂತಿದ್ದು ಹೌದು.

ಏಪ್ರಿಲಿನಲ್ಲಿ ಹಾರ್ನೆಸ್ ಬಂತು. ಅದೇ ವಾರ ಕಣ್ಣಿನ ತಪಾಸಣೆಗೆ ಅಂತ ಅಪ್ಪ ಪುಣೆಗೆ ಬಂದಿದ್ರು. ಕರ್ಕೊಂಡು ಹೋದೆ. ಮೆಕ್ಯಾನಿಕ್ ಕೂರಿಸುವಾಗ ಅಪ್ಪ ಪಕ್ಕದಲ್ಲೇ ನಿಂತು ಒಂದೊಂದು ಕ್ಲಿಪ್ಪೂ ನೋಡಿದ್ರು. ಭಾಷೆ ಅಷ್ಟಕ್ಕಷ್ಟೇ, ಆದ್ರೂ ಇಬ್ಬರು ಹಿರಿಯರ ಮಾತು ನಿಲ್ಲಲೇ ಇಲ್ಲ. ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಅಪ್ಪನನ್ನ ಡ್ರೈವರ್ ಸೀಟಿನಲ್ಲಿ ಕೂರಿಸಿ, ಅವರೇ ಸ್ವಿಚ್ ತೋರಿಸಿದ್ರು. ಛಾವಣಿ ಹಿಂದೆ ಹೋಯ್ತು, ಮತ್ತೆ ಬಂತು. ವಯಸ್ಸಾದ ಈ ಕಾರುಗಳಲ್ಲಿ ಗಾಜಿನ ಮೇಲಂಚಿನ ಸಿಲಿಂಡರಿನ ಸೀಲು ಒಣಗಿ ಹೈಡ್ರಾಲಿಕ್ ಎಣ್ಣೆ ಜಿನುಗೋದುಂಟು. ಛಾವಣಿ ಲಾಕ್ ಆಗುವಾಗ ಒಂದು ಹನಿ ಅಪ್ಪನ ಬೋಳುತಲೆ ಮೇಲೆ ಬಿತ್ತು.

ಮುಟ್ಟಿ ನೋಡಿಕೊಂಡು, ನನ್ನ ಕಡೆ ತಿರುಗಿ ಅಂದ್ರು: "ಇದೂ ಸೋರತೈತಲ್ಲೋ!"