ಗುಳ್ಳೆಯ ಪ್ರಶ್ನೆ ಬೇರೆ, ನೋವಿನ ಪ್ರಶ್ನೆ ಬೇರೆ



ಅಂಡಾಶಯದ ನೀರುಗುಳ್ಳೆ ಮತ್ತು ಕೆಳಹೊಟ್ಟೆ ನೋವು: ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮಗೆ ರೂಢಿಯಾಗಿದೆ. ನನ್ನ ತಕರಾರು ಅಲ್ಲಿಂದಲೇ ಶುರು.

ನಮ್ಮ ಸ್ತ್ರೀರೋಗ ವಿಭಾಗದ ಒಪಿಡಿಯಲ್ಲಿ ದಿನವೂ ಕಾಣುವುದನ್ನೇ ನೋಡಿ. ಮೂವತ್ತರ ಆಸುಪಾಸಿನ ಹೆಣ್ಣುಮಗಳು ಕೆಳಹೊಟ್ಟೆ ನೋವೆಂದು ಬರುತ್ತಾಳೆ. ಹೊಟ್ಟೆ ಮುಟ್ಟಿ ನೋಡುವ ಮೊದಲೇ ಅವಳ ಕೈಗೆ ಸ್ಕ್ಯಾನಿಂಗ್ ಚೀಟಿ. ಮಧ್ಯಾಹ್ನದ ಹೊತ್ತಿಗೆ ವರದಿ ಸಿದ್ಧ: ಗರ್ಭಕೋಶ ಸಹಜ, ಎಡ ಅಂಡಾಶಯ ಸಹಜ, ಬಲ ಅಂಡಾಶಯದಲ್ಲಿ 3.4 ಸೆಂ.ಮೀ. ಸರಳ ನೀರುಗುಳ್ಳೆ. ಕೊನೆಯಲ್ಲಿ, ರೋಗಿಯ ಲಕ್ಷಣಗಳ ಜೊತೆ ತಾಳೆ ನೋಡಬೇಕು ಎಂಬ ರೇಡಿಯಾಲಜಿಸ್ಟರ ಒಂದು ಸಾಲು. ಗುಳ್ಳೆಯ ಸಾಲನ್ನು ಗಂಡ, ಅತ್ತೆ, ಊರಿನ ಆರ್‌ಎಂಪಿ ಡಾಕ್ಟರು ಎಲ್ಲರೂ ಓದಿಸಿ ಕೇಳುತ್ತಾರೆ. ಕೊನೆಯ ಸಾಲಿನ ಕೆಲಸ ನಮ್ಮದು. ಅದನ್ನು ನಾವು ಮಾಡುತ್ತಿದ್ದೇವೆಯೇ?

ಮುಟ್ಟಾಗುವ ವಯಸ್ಸಿನ ಪ್ರತಿ ಹೆಣ್ಣಿನ ಅಂಡಾಶಯದಲ್ಲೂ ತಿಂಗಳಿಗೊಮ್ಮೆ ನೀರು ತುಂಬಿದ ಕೋಶವೊಂದು ಎರಡು, ಎರಡೂವರೆ ಸೆಂಟಿಮೀಟರಿನವರೆಗೆ ಬೆಳೆದು ಒಡೆಯುತ್ತದೆ. ಅಂಡಾಣು ಹೊರಬರುವ ಬಗೆಯೇ ಅದು. ಒಂದು ತಿಂಗಳು ಒಡೆಯದೆ ಉಳಿದರೆ ಇನ್ನಷ್ಟು ಹಿಗ್ಗುತ್ತದೆ, ಸಾಮಾನ್ಯವಾಗಿ ಎರಡು ಮೂರು ಮುಟ್ಟಿನೊಳಗೆ ತಾನಾಗಿ ಇಳಿಯುತ್ತದೆ. ಮುಟ್ಟು ನಿಲ್ಲದವರಲ್ಲಿ 5 ಸೆಂ.ಮೀ.ಗಿಂತ ಚಿಕ್ಕ ಸರಳ ಗುಳ್ಳೆಗೆ ಸಾಮಾನ್ಯವಾಗಿ ಮರುಸ್ಕ್ಯಾನ್ ಕೂಡ ಬೇಕಿಲ್ಲವೆಂದು ಬ್ರಿಟನ್ನಿನ ರಾಯಲ್ ಕಾಲೇಜಿನ ಸ್ತ್ರೀರೋಗ ತಜ್ಞರು 2011ರಲ್ಲೇ ಮಾರ್ಗಸೂಚಿ ಬರೆದರು. 5ರಿಂದ 7 ಸೆಂ.ಮೀ. ಇದ್ದರೆ ವರ್ಷಕ್ಕೊಂದು ಸ್ಕ್ಯಾನ್ ಸಾಕು ಎಂದರು. ಗುಳ್ಳೆ ಕರಗಲೆಂದು ಮೂರು ತಿಂಗಳು ಗರ್ಭನಿರೋಧಕ ಮಾತ್ರೆ ಬರೆಯುವ ನಮ್ಮ ಹಳೆಯ ಚಾಳಿಯೂ ಪರೀಕ್ಷೆಯಲ್ಲಿ ನಿಂತಿಲ್ಲ. ಇದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಗೆ, ಮಾತ್ರೆ ನುಂಗಿದವರ ಗುಳ್ಳೆ ಬೇಗ ಕರಗಿದ್ದಕ್ಕೆ ಪುರಾವೆ ಸಿಗಲಿಲ್ಲ.

ಆದರೆ ಮನೆಯವರ ಮನಸ್ಸಿನಲ್ಲಿ ಅಷ್ಟರಲ್ಲಿ ಕ್ಯಾನ್ಸರ್ ಭಯ ಹೊಕ್ಕಿರುತ್ತದೆ. ಸಿಎ-125 ರಕ್ತಪರೀಕ್ಷೆ ಮಾಡಿಸುತ್ತೇವೆ. ಅದು ಮುಟ್ಟಿನ ದಿನಗಳಲ್ಲೂ ಏರುತ್ತದೆ, ಎಂಡೊಮೆಟ್ರಿಯೋಸಿಸ್‌ನಲ್ಲೂ ಏರುತ್ತದೆ, ನಮ್ಮ ನಾಡಿನಲ್ಲಿ ಮರೆಯಬಾರದ ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ಅಮೆರಿಕದ ಪಿಎಲ್‌ಸಿಓ ಎಂಬ ದೊಡ್ಡ ಅಧ್ಯಯನದ ವರದಿ 2011ರಲ್ಲಿ ಬಂತು. ಲಕ್ಷಣಗಳಿಲ್ಲದ ಮಹಿಳೆಯರಿಗೆ ವರ್ಷವರ್ಷ ಈ ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿದರೂ ಅಂಡಾಶಯ ಕ್ಯಾನ್ಸರಿನ ಸಾವು ತಗ್ಗಲಿಲ್ಲ. ಕ್ಯಾನ್ಸರ್ ಇಲ್ಲದೆಯೂ ಇದೆಯೆಂಬ ಶಂಕೆಗೆ ಒಳಗಾದವರಲ್ಲಿ 1,080 ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು, ಅವರಲ್ಲಿ 163 ಮಂದಿಗೆ ಗಂಭೀರ ತೊಡಕುಗಳು ಉಂಟಾದವು.

ಹಾಗೆಂದು ಎಲ್ಲ ಗುಳ್ಳೆಯನ್ನೂ ಬಿಟ್ಟು ಕೂರಿ ಎಂದು ನಾನು ಹೇಳುತ್ತಿಲ್ಲ. ಮುಟ್ಟು ನಿಂತ ಮೇಲೆ ಕಾಣುವ ಗುಳ್ಳೆ, ಒಳಗೆ ಗಟ್ಟಿ ಭಾಗವಿರುವ ಗುಳ್ಳೆ, ಬೆಳೆಯುತ್ತಲೇ ಹೋಗುವ ಡರ್ಮಾಯ್ಡ್ ಇವೆಲ್ಲ ಬೇರೆ ಲೆಕ್ಕ. ಅಂಡಾಶಯ ತಿರುಚಿಕೊಂಡು ಹೆಣ್ಣುಮಗಳು ವಾಂತಿ ಮಾಡುತ್ತ, ನೋವಿನಿಂದ ಹೊರಳಾಡುತ್ತ ಬಂದರೆ ಅದು ತುರ್ತು. ಆಗಲೂ ತಿರುಚನ್ನು ಬಿಡಿಸಿದರೆ, ಕಪ್ಪಗಾಗಿ ಕಂಡ ಅಂಡಾಶಯ ಕೂಡ ಬಹಳ ಸಲ ಚೇತರಿಸಿಕೊಳ್ಳುತ್ತದೆ. ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಕತ್ತರಿಸಬೇಕಿಲ್ಲ.

ಈಗ ನೋವಿನ ಮಾತು. ಆರು ತಿಂಗಳಿಂದ ನೋಯುತ್ತಿರುವ ಕೆಳಹೊಟ್ಟೆಗೆ ಕಾರಣ ಕರುಳಿರಬಹುದು, ಮೂತ್ರಕೋಶವಿರಬಹುದು, ಸೋಂಕಿರಬಹುದು, ಬಿಗಿದುಕೊಂಡ ಸ್ನಾಯುಗಳಿರಬಹುದು. ಹತ್ತು ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇರುವ ಎಂಡೊಮೆಟ್ರಿಯೋಸಿಸ್ ಮಾಮೂಲಿ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ನೋವಿಗೆ ಸಂಬಂಧವಿಲ್ಲದ ಗುಳ್ಳೆ ಕಾಣುತ್ತದೆ, ನೋವಿನ ಮೂಲ ಕಾಣುವುದಿಲ್ಲ. ಕಂಡದ್ದಕ್ಕೆ ಚಿಕಿತ್ಸೆ ಕೊಟ್ಟು ಕಳಿಸುತ್ತೇವೆ. ಮೂರು ತಿಂಗಳಿಗೆ ಅದೇ ನೋವು ಹೊತ್ತು ಅವಳು ವಾಪಸು ಬಂದರೆ, ಮನೋರೋಗ ವಿಭಾಗದ ಚೀಟಿ ಬರೆಯುವವರೂ ನಮ್ಮಲ್ಲಿದ್ದಾರೆ.

ನೆದರ್ಲೆಂಡ್ಸಿನ ಲೈಡನ್‌ನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ವಿದ್ಯಾರ್ಥಿಗಳು ಹುಡುಕಿ ಓದಬೇಕು. ದೀರ್ಘಕಾಲದ ನೋವಿದ್ದ 106 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ಮೊದಲು ದೇಹದ ಕಾರಣ ಹುಡುಕಿ ಲ್ಯಾಪರೊಸ್ಕೋಪಿ. ಇನ್ನೊಂದಕ್ಕೆ ಆರಂಭದಿಂದಲೇ ದೇಹ, ಆಹಾರ, ಮನಸ್ಸು, ವ್ಯಾಯಾಮ ಎಲ್ಲವನ್ನೂ ಸೇರಿಸಿದ ಚಿಕಿತ್ಸೆ. ನೋವು ಹೆಚ್ಚು ತಗ್ಗಿದ್ದು ಎರಡನೆಯ ಗುಂಪಿನಲ್ಲಿ. ಔಷಧಿಯ ಕಡೆಗೂ ನಮ್ಮ ಜೋಳಿಗೆ ದೊಡ್ಡದೇನಲ್ಲ. ಕಾರಣ ಸಿಗದ ನೋವಿಗೆಂದು ಬರೆಯುತ್ತಿದ್ದ ಗ್ಯಾಬಪೆಂಟಿನ್ ಬರಿಯ ಸಕ್ಕರೆ ಮಾತ್ರೆಗಿಂತ ಮೇಲಲ್ಲ ಎಂದು 2020ರಲ್ಲಿ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿತು. ಇದನ್ನು ರೋಗಿಯ ಎದುರು ಒಪ್ಪಿಕೊಳ್ಳುವುದು ಚಿಕಿತ್ಸೆಯ ಭಾಗವೇ. ಆದರೆ ವಿಮೆಯ ಪ್ಯಾಕೇಜಿನಲ್ಲಿ ಆಪರೇಷನ್ನಿಗೆ ದರವಿದೆ, ಅರ್ಧ ಗಂಟೆ ಕೂತು ಕೇಳುವುದಕ್ಕೆ ದರವಿಲ್ಲ.

ನೋವಿಗೆ ಆಪರೇಷನ್ನೇ ಉತ್ತರವಾಗುವ ಈ ವಿಷಯವನ್ನು ಕರ್ನಾಟಕದಲ್ಲಿ ಕಲಬುರಗಿ ಜಿಲ್ಲೆಯ ಹೆಸರೆತ್ತದೆ ಮಾತಾಡಲಾಗದು. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಕೇರಿಯ ಹೆಣ್ಣುಮಕ್ಕಳು ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಎಂದು ಖಾಸಗಿ ಆಸ್ಪತ್ರೆಗೆ ಹೋಗಿ ಗರ್ಭಕೋಶ ಕಳೆದುಕೊಂಡು ಬಂದರು. ಹಲವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ದೂರು, ತನಿಖೆ ಆದವು. 2017ರ ಫೆಬ್ರವರಿಯಲ್ಲಿ ಆ ಹೆಣ್ಣುಮಕ್ಕಳೇ ಜಿಲ್ಲಾಧಿಕಾರಿ ಕಚೇರಿ ಎದುರು ಕೂತರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದಲ್ಲೂ ಇದೇ ಕಥೆ. ಡಾ. ನರೇಂದ್ರ ಗುಪ್ತಾ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಲು ರಾಜ್ಯಗಳಿಗೆ ಹೇಳಿತು.

ಇಲ್ಲಿ ಒಂದು ಕಹಿ ಮಾತು. ಎಷ್ಟೋ ಸಲ 'ತೆಗೆದುಬಿಡ್ರಿ ಡಾಕ್ಟ್ರೇ, ಕಾಟ ತಪ್ಪಲಿ' ಎಂದು ಹೆಣ್ಣುಮಗಳೇ ಕೇಳುತ್ತಾಳೆ. ಮುಟ್ಟಿನ ದಿನಗಳಲ್ಲಿ ತೊಗರಿ ಕೊಯ್ಲಿನ ಕೂಲಿ ಹೋಗುತ್ತದೆ, ಗದ್ದೆ-ಹೊಲದಲ್ಲಿ ಬಟ್ಟೆ ಬದಲಿಸಲು ಮರೆಯಿಲ್ಲ. ಆ ಕೋರಿಕೆಯನ್ನು ಒಪ್ಪಿಗೆ ಎಂದು ಬರೆದುಕೊಳ್ಳುವ ಮುನ್ನ ಬೇರೆ ದಾರಿಗಳನ್ನು ಅವಳಿಗೆ ಹೇಳಿದ್ದೇವೆಯೇ? ಗರ್ಭಕೋಶದ ಜೊತೆಗೆ ಅಂಡಾಶಯಗಳೂ ಹೋದರೆ ರಾತ್ರೋರಾತ್ರಿ ಮುಟ್ಟು ನಿಂತ ದೇಹವಾಗುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ ಎಂದು ಹೇಳಿದ್ದೇವೆಯೇ?

ಹೀಗೆ ಆಪರೇಷನ್ ಆದವಳ ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿ. 'ಟಿಎಎಚ್ ವಿತ್ ಬಿಎಸ್‌ಓ' ಎಂದು ಇಂಗ್ಲಿಷ್ ದಪ್ಪಕ್ಷರಗಳಲ್ಲಿ ಬರೆದಿರುತ್ತದೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯ, ಎರಡೂ ನಾಳ ತೆಗೆಯಲಾಗಿದೆ ಎಂದರ್ಥ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟುಕೊಂಡ ಹೆಣ್ಣುಮಗಳಿಗೆ ಇದು ತಿಳಿದಿರುವುದಿಲ್ಲ. ತೆಗೆದ ಅಂಗದ ಬಯಾಪ್ಸಿ ವರದಿ ಬಹುಪಾಲು ಕಾರ್ಡಿಗೆ ಅಂಟಿರುವುದೂ ಇಲ್ಲ.

ಆದ್ದರಿಂದ ಈ ಸಂಕಿರಣಕ್ಕೆ ನನ್ನ ಕೋರಿಕೆ ಇಷ್ಟು. ಪ್ರಬಂಧ ಮಂಡಿಸುವವರು ನಿಮ್ಮ ನಿಮ್ಮ ಆಸ್ಪತ್ರೆಯಲ್ಲಿ ತೆಗೆದ ಅಂಡಾಶಯ, ಗರ್ಭಕೋಶಗಳಲ್ಲಿ ಎಷ್ಟರ ಬಯಾಪ್ಸಿ ವರದಿ ಸಹಜವೆಂದು ಬಂತು, ಆಪರೇಷನ್ನಿನ ಒಂದು ವರ್ಷದ ನಂತರ ಎಷ್ಟು ಮಂದಿಗೆ ನೋವು ಉಳಿದಿದೆ ಎಂಬುದನ್ನು ಸಭೆಯ ಮುಂದಿಡಿ. ಏನನ್ನು ತೆಗೆದೆವು, ಏಕೆ ತೆಗೆದೆವು, ಏನನ್ನು ಉಳಿಸಿದೆವು ಎಂಬುದನ್ನು ಪ್ರತಿ ಡಿಸ್ಚಾರ್ಜ್ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆಯುವ ನಿರ್ಣಯವನ್ನು ಸಮಾರೋಪಕ್ಕೆ ಮುನ್ನ ಅಂಗೀಕರಿಸಿ.