ಲಿನಕ್ಸ್: ಹೊಸಬರ ಮೊದಲ ಹೆಜ್ಜೆಗಳು



ನಿಮ್ಮ ಮನೆಯಲ್ಲೋ ಶಾಲೆಯ ಕೊಠಡಿಯೊಂದರ ಮೂಲೆಯಲ್ಲೋ ಬಟ್ಟೆ ಹೊದಿಸಿಟ್ಟ ಹಳೆಯ ಕಂಪ್ಯೂಟರ್ ಒಂದು ಇರಬಹುದು. 'ಅದು ಬಹಳ ನಿಧಾನ, ಅದರಲ್ಲಿ ಏನೂ ನಡೆಯುವುದಿಲ್ಲ' ಎಂದು ಹಿರಿಯರು ಅದನ್ನು ಬದಿಗಿಟ್ಟಿರುತ್ತಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ, ಹೀಗೆ ಬದಿಗೆ ಸರಿಯುವ ಸರದಿ ಇನ್ನಷ್ಟು ಯಂತ್ರಗಳಿಗೆ ಬಂದಿದೆ. ಏಕೆಂದರೆ ವಿಂಡೋಸ್ 11 ಹೊಸ ಬಗೆಯ ಪ್ರೊಸೆಸರನ್ನೂ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವನ್ನೂ ಕೇಳುತ್ತದೆ. ಅನೇಕ ಹಳೆಯ ಯಂತ್ರಗಳಲ್ಲಿ ಇವಿಲ್ಲ. ಹಾಗೆಂದು ಆ ಯಂತ್ರ ಕೆಟ್ಟಿದೆಯೆ? ಇಲ್ಲ. ಅದನ್ನು ನಡೆಸುವ ತಂತ್ರಾಂಶಕ್ಕೆ ಮಾತ್ರ ವಯಸ್ಸಾಗಿದೆ.

ಅಂಥ ಯಂತ್ರವನ್ನು ಮತ್ತೆ ಕೆಲಸಕ್ಕೆ ಹಚ್ಚಬಲ್ಲ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸಬರು ಹೇಗೆ ಆರಂಭಿಸಬೇಕೆಂಬುದೇ ಇಂದಿನ ಮಾತಿನ ವಿಷಯ.

ಮೊದಲು, ಕಾರ್ಯಾಚರಣಾ ವ್ಯವಸ್ಥೆ ಎಂದರೇನು? ನಾನು ದಿನವೂ ಕೆಲಸ ಮಾಡುವ ಸ್ಟುಡಿಯೋದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಸ್ಟುಡಿಯೋದಲ್ಲಿ ಕ್ಯಾಮೆರಾ, ದೀಪ, ಮೈಕು ಎಲ್ಲವೂ ಇರುತ್ತವೆ. ಆದರೆ ಯಾರು ಯಾವಾಗ ಮಾತನಾಡಬೇಕು, ಯಾವ ದೀಪ ಯಾವಾಗ ಹತ್ತಬೇಕು ಎಂದು ಸನ್ನೆ ಮಾಡುವ ಫ್ಲೋರ್ ಮ್ಯಾನೇಜರ್ ಇಲ್ಲದಿದ್ದರೆ ಅಲ್ಲಿ ಗದ್ದಲವೇ ಹೊರತು ಕಾರ್ಯಕ್ರಮವಿರುವುದಿಲ್ಲ. ಅವರು ತೆರೆಯ ಮೇಲೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಅದೇ ಕೆಲಸವನ್ನು ಕಾರ್ಯಾಚರಣಾ ವ್ಯವಸ್ಥೆ ಮಾಡುತ್ತದೆ. ಪ್ರೊಸೆಸರಿನ ಸಮಯವನ್ನೂ ಸ್ಮೃತಿಯ ಜಾಗವನ್ನೂ ಬೇರೆ ಬೇರೆ ತಂತ್ರಾಂಶಗಳಿಗೆ ಹಂಚಿಕೊಡುತ್ತದೆ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನು ಎಂಬ ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಮತ್ತು ಇತರರಿಗೆ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದು ಅದರ ಗುರಿ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕಾಗಿ ಬರೆಯುತ್ತಿದ್ದ ತನ್ನ ಕರ್ನಲನ್ನು ಲೋಕಕ್ಕೆ ಬಿಟ್ಟುಕೊಟ್ಟ. ಇವೆರಡೂ ಕೂಡಿ ಇಂದು ನಾವು ಲಿನಕ್ಸ್ ಎನ್ನುವ ವ್ಯವಸ್ಥೆಯಾಯಿತು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದು ಈ ಕರ್ನಲ್ಲೇ. 2021ರ ಏಪ್ರಿಲ್ 19ರಂದು ಮಂಗಳ ಗ್ರಹದಲ್ಲಿ ಮೊದಲ ಬಾರಿಗೆ ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲಿಯೂ ಲಿನಕ್ಸ್ ಇತ್ತು.

ಇದನ್ನು ಕೇವಲ 'ಪುಕ್ಕಟೆ' ಎಂದು ತಿಳಿಯಬೇಡಿ. 'ಮುಕ್ತ' ಎಂದು ತಿಳಿಯಿರಿ. ಹಿಂದಿನ ಕಾಲದ ಕೆಲವು ರೇಡಿಯೋಗಳ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಅದರ ಸರ್ಕಿಟ್ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಆಸಕ್ತಿಯಿದ್ದ ಹುಡುಗ ಅದನ್ನು ನೋಡಿ ಕಲಿಯಬಹುದಿತ್ತು. ಲಿನಕ್ಸ್ ಅಂಥ ರೇಡಿಯೋ ಇದ್ದಂತೆ.

ಆದರೆ ಮುಚ್ಚಳ ತೆಗೆಯುವುದಕ್ಕೂ ಒಂದು ಕ್ರಮವಿದೆ. ಆ ಕ್ರಮ ತಪ್ಪಿ ನಾನು ಮಾಡಿದ ಒಂದು ಅನಾಹುತವನ್ನು ನಿಮಗೆ ಹೇಳಲೇಬೇಕು.

2001ರಲ್ಲಿ ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ತಿಪಟೂರಿನಲ್ಲಿ ನನ್ನ ಅಕ್ಕನ ಮನೆ. ಭಾವ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ ಮುಂತಾದವನ್ನು ಅಕ್ಷರ ಜೋಡಿಸಿ ಕೊಡುತ್ತಿದ್ದರು. ಅದೇ ಅವರ ಜೀವನೋಪಾಯ. ರಜೆಗೆ ಹೋಗಿದ್ದ ನನ್ನ ಬಳಿ ಪತ್ರಿಕೆಯೊಂದರ ಜೊತೆ ಬಂದಿದ್ದ ಲಿನಕ್ಸ್ ಸಿ.ಡಿ.ಗಳಿದ್ದವು. ಭಾವ ಪೇಟೆಗೆ ಹೋದ ಹೊತ್ತಿನಲ್ಲಿ ಸಿ.ಡಿ. ಹಾಕಿದೆ. 'ಇಡೀ ಡಿಸ್ಕನ್ನು ಬಳಸಿಕೊಳ್ಳಲೆ?' ಎಂಬ ಪ್ರಶ್ನೆ ಬಂತು. ಪೂರ್ತಿ ಓದದೆಯೇ 'ಹೌದು' ಎಂದು ಒತ್ತಿದೆ. ಮುಕ್ಕಾಲು ಗಂಟೆಯಲ್ಲಿ ಹೊಸ ತೆರೆ ಮೂಡಿತು. ನನಗೋ ಹಿಗ್ಗು.

ಸಂಜೆ ಬಂದ ಭಾವ, 'ಸಂಘದ ವರದಿ ಎಲ್ಲಿ?' ಎಂದು ಕೇಳಿದಾಗ ನನಗೆ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಐದು ದಿನದಲ್ಲಿ ಅದು ಮುದ್ರಣಾಲಯಕ್ಕೆ ಹೋಗಬೇಕಿತ್ತು. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕರಡು ಪ್ರತಿಗಳನ್ನು ಹುಡುಕಿ ತಂದರು. ಹಳೆಯ ವ್ಯವಸ್ಥೆಯನ್ನು ಮತ್ತೆ ಕೂರಿಸಲು ಒಂದು ದಿನ ಹೋಯಿತು. ಉಳಿದ ನಾಲ್ಕು ರಾತ್ರಿ ನಾನು ಓದಿದೆ, ಅವರು ಬೆರಳಚ್ಚು ಮಾಡಿದರು. ವರದಿ ಹೇಗೋ ಮುಗಿಯಿತು. ಆದರೆ ಎರಡು ವರ್ಷದ ಉಳಿದ ಕೆಲಸ ಮರಳಿ ಬರಲಿಲ್ಲ.

ತಪ್ಪು ಲಿನಕ್ಸಿನದಲ್ಲ, ನನ್ನದು. ರಿಹರ್ಸಲ್ ಮಾಡದೆ ನೇರವಾಗಿ ರೆಕಾರ್ಡಿಂಗಿಗೆ ಇಳಿದಿದ್ದೆ. ಹೊಸಬರಿಗೆ ಬೇಕಾದದ್ದು ವಿಶೇಷ ಜಾಣತನವಲ್ಲ. ಹಿಂದಕ್ಕೆ ಬರಲು ದಾರಿ ಉಳಿಸಿಕೊಂಡು ಮುಂದಕ್ಕೆ ಹೆಜ್ಜೆಯಿಡುವ ಅಭ್ಯಾಸ. ಈಗ ಆ ಹೆಜ್ಜೆಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯದು, ಆಯ್ಕೆ. ಲಿನಕ್ಸಿಗೆ ನೂರಾರು ರೂಪಗಳಿವೆ, ಇವುಗಳನ್ನು ವಿತರಣೆಗಳೆನ್ನುತ್ತಾರೆ. ಯಾವುದು ಉತ್ತಮ ಎಂಬ ಚರ್ಚೆಯಲ್ಲಿ ತಿಂಗಳುಗಳನ್ನು ಕಳೆಯಬೇಡಿ. ಹೊಸಬರಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಸಾಕು. ಯಂತ್ರ ಹಳೆಯದಾದರೆ ಮಿಂಟ್‌ನ ಎಕ್ಸ್.ಎಫ್.ಸಿ.ಇ. ಎಂಬ ಹಗುರವಾದ ಆವೃತ್ತಿಯನ್ನು ಆರಿಸಿಕೊಳ್ಳಿ. ಮಿಂಟ್‌ಗೆ ಕನಿಷ್ಠ 2 ಜಿ.ಬಿ. ಸ್ಮೃತಿ ಮತ್ತು 20 ಜಿ.ಬಿ. ಡಿಸ್ಕ್ ಜಾಗ ಬೇಕು, 4 ಜಿ.ಬಿ. ಸ್ಮೃತಿ ಇದ್ದರೆ ಕೆಲಸ ಸಲೀಸು.

ಎರಡನೆಯದು, ನಕಲು. ಆ ಯಂತ್ರದಲ್ಲಿರುವ ಫೋಟೋ, ಪತ್ರ, ಲೆಕ್ಕ, ಅಂಕಪಟ್ಟಿ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಆ ನಕಲನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ನಕಲು ನಕಲಲ್ಲ. ಯಂತ್ರ ನಿಮ್ಮದಲ್ಲದಿದ್ದರೆ, ಅದು ಯಾರದೋ ಅವರ ಒಪ್ಪಿಗೆ ಪಡೆಯಿರಿ.

ಮೂರನೆಯದು, ಪೆನ್ ಡ್ರೈವ್ ಸಿದ್ಧತೆ. ಮಿಂಟ್‌ನ ಅಧಿಕೃತ ತಾಣದಿಂದ ಸುಮಾರು 3 ಜಿ.ಬಿ. ಗಾತ್ರದ ಒಂದು ಕಡತವನ್ನು ಇಳಿಸಿಕೊಳ್ಳಬೇಕು. ಅದರ ಜೊತೆಗೆ 64 ಅಕ್ಷರ-ಅಂಕಿಗಳ ಒಂದು ಪರೀಕ್ಷಾ ಸಂಖ್ಯೆಯನ್ನೂ ಕೊಟ್ಟಿರುತ್ತಾರೆ. ನೀವು ಇಳಿಸಿಕೊಂಡ ಕಡತದಿಂದ ಅದೇ ಸಂಖ್ಯೆಯನ್ನು ಲೆಕ್ಕ ಹಾಕಿಸಿ ಹೋಲಿಸಿ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಸಂಖ್ಯೆ ಬೇರೆಯೇ ಬರುತ್ತದೆ. ನಂತರ 8 ಜಿ.ಬಿ.ಯ ಖಾಲಿ ಪೆನ್ ಡ್ರೈವಿಗೆ ರೂಫಸ್ ಅಥವಾ ಎಚ್ಚರ್ ಎಂಬ ತಂತ್ರಾಂಶದಿಂದ ಇದನ್ನು ಬರೆಯಿರಿ. ಸುಮ್ಮನೆ ಕಡತವನ್ನು ನಕಲು ಮಾಡಿದರೆ ಯಂತ್ರ ಅದರಿಂದ ಆರಂಭವಾಗದು. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ನಾಲ್ಕನೆಯದೇ ರಿಹರ್ಸಲ್. ಯಂತ್ರವನ್ನು ಆರಂಭಿಸುವಾಗ ಎಫ್12 ಅಥವಾ ಆ ಯಂತ್ರಕ್ಕೆ ನಿಗದಿಯಾದ ಬೇರೊಂದು ಕೀಲಿಯನ್ನು ಒತ್ತಿ ಪೆನ್ ಡ್ರೈವನ್ನು ಆರಿಸಿದರೆ, ಲಿನಕ್ಸ್ ಡಿಸ್ಕನ್ನು ಮುಟ್ಟದೆಯೇ ಸ್ಮೃತಿಯಲ್ಲಿ ಕುಳಿತು ಕೆಲಸ ಆರಂಭಿಸುತ್ತದೆ. ಇದಕ್ಕೆ ಲೈವ್ ವಿಧಾನ ಎನ್ನುತ್ತಾರೆ. ತೆರೆಯ ಮೇಲೆ 'ಇನ್‌ಸ್ಟಾಲ್' ಎಂಬ ಗುರುತು ಕಾಣುತ್ತದೆ. ಅದನ್ನು ಸದ್ಯಕ್ಕೆ ಮುಟ್ಟಬೇಡಿ. ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಪ್ರಿಂಟರ್ ಸ್ಪಂದಿಸುತ್ತದೆಯೆ ಎಂದು ಪರೀಕ್ಷಿಸಿ. ಒಂದು ವಾರ ಹೀಗೆಯೇ ಬಳಸಿ. ಪೆನ್ ಡ್ರೈವಿನಿಂದ ನಡೆಯುವುದರಿಂದ ಕೊಂಚ ನಿಧಾನವೆನಿಸಬಹುದು. ಯಂತ್ರವನ್ನು ಆರಿಸಿ ಪೆನ್ ಡ್ರೈವ್ ತೆಗೆದರೆ ಹಳೆಯ ವ್ಯವಸ್ಥೆ ಇದ್ದ ಹಾಗೆಯೇ ಇರುತ್ತದೆ. ಅಂದು ನನಗೆ ಈ ಅನುಕೂಲ ತಿಳಿದಿರಲಿಲ್ಲ.

ಐದನೆಯದು, ಅನುಸ್ಥಾಪನೆ. ಎಲ್ಲವೂ ಸರಿಯೆನಿಸಿದ ಮೇಲಷ್ಟೇ 'ಇನ್‌ಸ್ಟಾಲ್' ಒತ್ತಿ. ವಿಂಡೋಸ್ ಜೊತೆಗೇ ಲಿನಕ್ಸನ್ನು ಇಟ್ಟುಕೊಳ್ಳುವ ದಾರಿಯೂ ಇದೆ. ಆದರೆ ಮೊದಲ ಪ್ರಯೋಗಕ್ಕೆ ಬೇರೆ ಯಾರಿಗೂ ಬೇಡವಾದ ಯಂತ್ರವೇ ಲೇಸು. ಡಿಸ್ಕಿನ ಪ್ರಶ್ನೆ ಬಂದಾಗ ಕೈಯನ್ನು ಮೌಸಿನಿಂದ ತೆಗೆದು, ಆ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ.

ಅನುಸ್ಥಾಪನೆಯ ನಂತರ ಮೊದಲು ಕನ್ನಡವನ್ನು ಸಿದ್ಧಪಡಿಸಿಕೊಳ್ಳಿ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡವಿದೆ. ನುಡಿ ಬಳಸಿದವರಿಗೆ ಪರಿಚಿತವಾದ ಕಗಪ ವಿನ್ಯಾಸವೂ ಇದೆ. ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಜೊತೆಯಲ್ಲೇ ಬಂದಿರುತ್ತದೆ. ವಿಂಡೋಸಿಗೆಂದೇ ಬರೆದ ಎಲ್ಲ ತಂತ್ರಾಂಶಗಳೂ ಇಲ್ಲಿ ನಡೆಯುವುದಿಲ್ಲ. ನಿಮ್ಮ ಕಾಲೇಜು ಅಂಥದ್ದನ್ನು ಕಡ್ಡಾಯ ಮಾಡಿದ್ದರೆ ಅದಕ್ಕಾಗಿ ಬೇರೆ ವ್ಯವಸ್ಥೆ ಇರಲಿ.

ಇನ್ನು ಕಪ್ಪು ತೆರೆಯ ಟರ್ಮಿನಲ್. ಇದನ್ನು ಕಂಡು ಅನೇಕರು ಹೆದರುತ್ತಾರೆ. ಆರಂಭಕ್ಕೆ ಐದು ಆದೇಶಗಳು ಸಾಕು; ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲೇ ಬರೆಯಬೇಕು. ಪಿ-ಡಬ್ಲ್ಯೂ-ಡಿ ಎಂದರೆ ಇಲ್ಲಿ ಲೋಕೋಪಯೋಗಿ ಇಲಾಖೆಯಲ್ಲ. 'ನಾನೀಗ ಯಾವ ಕಡತಕೋಶದಲ್ಲಿದ್ದೇನೆ?' ಎಂಬ ಪ್ರಶ್ನೆ. ಎಲ್-ಎಸ್ ಎಂದರೆ 'ಇಲ್ಲಿ ಏನೇನಿದೆ?' ಸಿ-ಡಿ ಎಂದರೆ 'ಅಲ್ಲಿಗೆ ನಡೆ'. ಸಿ-ಪಿ ಎಂದರೆ 'ನಕಲು ಮಾಡು'. ಎಂ-ಎ-ಎನ್ ಎಂದರೆ 'ಈ ಆದೇಶದ ಕೈಪಿಡಿ ತೋರಿಸು'. ಅಳಿಸುವ ಆರ್-ಎಂ ಎಂಬ ಆದೇಶದ ಬಗ್ಗೆ ಮಾತ್ರ ಎಚ್ಚರ. ಅದರಿಂದ ಅಳಿಸಿದ್ದು ಕಸದ ಬುಟ್ಟಿಗೆ ಹೋಗದೆ ನೇರವಾಗಿ ಮಾಯವಾಗುತ್ತದೆ. ಸುಡೊ ಎಂಬ ಪದದಿಂದ ಆರಂಭವಾಗುವ ಆದೇಶಕ್ಕೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುತ್ತದೆ. ಅರ್ಥ ತಿಳಿಯದ ಸುಡೊ ಆದೇಶವನ್ನು, ಯಾರೇ ಹೇಳಿರಲಿ, ಬರೆಯಬೇಡಿ.

ಯಂತ್ರ ತಪ್ಪು ತೋರಿಸಿದಾಗ ಗಾಬರಿಯಾಗದೆ ಓದಿ. 'ಕಮಾಂಡ್ ನಾಟ್ ಫೌಂಡ್' ಎಂದರೆ ಬಹುಪಾಲು ಕಾಗುಣಿತದ ತಪ್ಪು, ಇಲ್ಲವೆ ಆ ತಂತ್ರಾಂಶ ಯಂತ್ರದಲ್ಲಿಲ್ಲ. 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎಂದರೆ ನೀವು ತಪ್ಪು ಜಾಗದಲ್ಲಿ ನಿಂತಿರಬಹುದು. 'ಪರ್ಮಿಷನ್ ಡಿನೈಡ್' ಎಂದರೆ ಆ ಕೆಲಸಕ್ಕೆ ನಿಮಗೆ ಅನುಮತಿಯಿಲ್ಲ. ಏಕಿಲ್ಲ ಎಂದು ಯೋಚಿಸಿ. ಈ ಮೂರನ್ನು ಅರ್ಥಮಾಡಿಕೊಂಡರೆ ಮೊದಲ ತಿಂಗಳ ತೊಂದರೆಗಳಲ್ಲಿ ಬಹಳಷ್ಟು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಮುಂದಿನ ಕಲಿಕೆಗೆ ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಕುರಿತ ಕಿರುಪಾಠಗಳು ಕನ್ನಡದ ಧ್ವನಿಯಲ್ಲೂ ಇವೆ.

ಕೊನೆಯದಾಗಿ, ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ದಿನಾಂಕ, ಮಾಡಿದ ಬದಲಾವಣೆ, ಬಂದ ಫಲಿತಾಂಶ, ಇವಿಷ್ಟನ್ನು ಕೈಯಿಂದಲೇ ಬರೆಯಿರಿ. ಯಂತ್ರ ಏಳದೇ ಹೋದ ದಿನ, ಯಂತ್ರದೊಳಗೆ ಬರೆದಿಟ್ಟ ಟಿಪ್ಪಣಿ ಉಪಯೋಗಕ್ಕೆ ಬರುವುದಿಲ್ಲ.

ನನ್ನ ಭಾವ ಆ ವರ್ಷದಿಂದ ಪ್ರತಿ ಶನಿವಾರ ಸಂಜೆ ತಮ್ಮ ಕೆಲಸವನ್ನೆಲ್ಲ ಒಂದು ಸಿ.ಡಿ.ಗೆ ನಕಲು ಮಾಡಿ, ಮೇಲೆ ದಿನಾಂಕ ಬರೆದು ಬೀರುವಿನಲ್ಲಿಡುತ್ತಿದ್ದರು. ಮರುವರ್ಷ ರಜೆಗೆ ಹೋದಾಗ ಅವರೇ ಒಂದು ಹಳೆಯ ಯಂತ್ರವನ್ನು ನನ್ನ ಮುಂದಿಟ್ಟು, 'ಇದರಲ್ಲಿ ಏನೂ ಇಲ್ಲ, ಇದನ್ನು ಎಷ್ಟು ಬೇಕಾದರೂ ಕೆಡಿಸು' ಎಂದರು. ಆ ಬೇಸಿಗೆಯಲ್ಲಿ ನಾನು ಅದನ್ನು ಹನ್ನೊಂದು ಸಲ ಕೆಡಿಸಿ ಹನ್ನೊಂದು ಸಲ ಸರಿಪಡಿಸಿದೆ. ಲಿನಕ್ಸ್ ಕಲಿತದ್ದು ಆಗಲೇ.

ನಿಮ್ಮ ಮೂಲೆಯ ಯಂತ್ರದ ಮೇಲಿನ ಬಟ್ಟೆಯನ್ನು ಈ ಭಾನುವಾರ ತೆಗೆಯಿರಿ. ಮೊದಲು ನಕಲು, ಆಮೇಲೆ ರಿಹರ್ಸಲ್.